ನಳ ಬಂದ ದಿನವೇ ಒಗೆತದ ದಿನ

ಬಳ್ಳಾರಿಯಲ್ಲಿ ಬಟ್ಟೆ ಒಗೆಯೋಕೆ ವಾರ ನೋಡಿ ಪ್ರಯೋಜನ ಇಲ್ಲ, ನಳ ನೋಡಬೇಕು. ಭಾನುವಾರ ಹೇಗೂ ರಜೆ ಅಂತ ಗುಡ್ಡೆ ಹಾಕ್ಕೊಂಡು ಕೂತರೆ ಅವತ್ತೇ ಸಂಪು ತಳ ಕಂಡಿರುತ್ತೆ. ಅಲ್ಲೀಪುರದ ಕೆರೆಯಿಂದ ಬರೋ ತುಂಗಭದ್ರೆ ನೀರು ನಮ್ಮ ಬೀದಿಗೆ ದಿನಾ ಬರಲ್ಲ, ಬಂದಾಗ ಮಾತ್ರ ಧಾರಾಳ. ಅದಕ್ಕೇ ನಮ್ಮನೆ ಒಗೆತದ ಕ್ಯಾಲೆಂಡರ್ ನೀರು ಬಿಡೋ ಹುಡುಗನ ಕೈಯಲ್ಲಿದೆ. ಹಿಂದಿನ ದಿನವೇ ಅವನನ್ನ ಕೇಳಿಟ್ಕೊಂಡರೆ ಅರ್ಧ ಕೆಲಸ ಮುಗೀತು.

ನಮ್ಮನೆಯವರ ಕೊಳೆಯ ಪರಿಚಯ ಮೊದಲು ಮಾಡಿಸ್ತೀನಿ, ಇಲ್ಲದಿದ್ದರೆ ಮುಂದಿನದು ತಲೆಬುಡ ಗೊತ್ತಾಗಲ್ಲ. ಯಜಮಾನ್ರು ಸಂಡೂರಿನ ಕಡೆ ಅದಿರಿನ ಲಾರಿ ತೂಕ ಹಾಕೋ ಕೆಲಸದಲ್ಲಿದ್ದಾರೆ, ಪಾಳಿ ಬದಲಾಗ್ತಾ ಇರುತ್ತೆ. ನಾನು ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಫಿನಿಷಿಂಗ್ ನೋಡ್ತೀನಿ. ದಾರ ಕತ್ತರಿಸೋದು, ಹೊಲಿಗೆ ಚೆಕ್ ಮಾಡೋದು, ಲೇಬಲ್ ಹಚ್ಚೋದು. ಸಂಜೆ ಮನೆಗೆ ಬಂದಾಗ ನನ್ನ ಬೆರಳ ತುದಿ ನೀಲಿ, ಅವರ ಕಾಲರ್ ಕೆಂಪು. ಮಕ್ಕಳಿಬ್ಬರು ಸ್ಕೂಲಿಗೆ ಹೋಗ್ತಾರೆ. ಅತ್ತೆ ಇಳಕಲ್ ಸೀರೆ ಬಿಟ್ಟು ಬೇರೆ ಉಡೋರಲ್ಲ.

ಬಣ್ಣ ನೋಡಬೇಡಿ, ಕೊಳೆ ನೋಡಿ

ಬಿಳಿ ಬೇರೆ, ಬಣ್ಣದ್ದು ಬೇರೆ ಅಂತ ಎಲ್ಲರೂ ಹೇಳ್ತಾರೆ. ಅದು ತಪ್ಪಲ್ಲ, ಆದರೆ ಈ ಊರಿಗೆ ಸಾಕಾಗಲ್ಲ. ಗಣಿ ಧೂಳಿನ ಬೂದು ಅಂಗಿ, ಮಗಳ ಬೂದು ಸ್ಕರ್ಟು ಎರಡರ ಬಣ್ಣ ಒಂದೇ ಅಂತ ಒಂದೇ ಬಕೆಟ್‌ಗೆ ಹಾಕೋಕಾಗುತ್ತಾ? ನಮ್ಮಲ್ಲಿ ಮೂರು ಜಾಗ ಇದೆ. ಹಿತ್ತಲ ಬಾಗಿಲ ಹೊರಗೆ ಒಂದು ಹಳೇ ಡ್ರಮ್ಮು: ಅದಿರು ಧೂಳಿನ ಬಟ್ಟೆ ಅಲ್ಲೇ ಬಿಚ್ಚಿ ಹಾಕಬೇಕು, ಹೊಸ್ತಿಲು ದಾಟಬಾರದು. ಬಚ್ಚಲಲ್ಲಿ ಒಂದು ಬುಟ್ಟಿ: ದಿನಾ ಮೈಮೇಲಿನ ಬೆವರಿನ ಬಟ್ಟೆ, ಯೂನಿಫಾರಂ, ಟವಲು. ಕಪಾಟಿನ ಪಕ್ಕ ಒಂದು ಚೀಲ: ಸೀರೆ, ರೇಷ್ಮೆ, ಬಣ್ಣ ಬಿಡೋವು, ಹೊಸವು. ಒಗೆಯೋ ದಿನ ಕೂತು ವಿಂಗಡಿಸೋ ಕೆಲಸವೇ ಇರಲ್ಲ, ಬಿಚ್ಚಿದವರೇ ವಿಂಗಡಿಸಿರ್ತಾರೆ. ಚಡ್ಡಿ ಬಿಚ್ಚೋಕೆ ಬರೋ ವಯಸ್ಸಿನ ಮಗುವಿಗೆ ಯಾವ ಬುಟ್ಟಿ ಅಂತಾನೂ ಗೊತ್ತಾಗುತ್ತೆ.

ಒಗೆಯೋ ಸರದಿಯೂ ಹೀಗೇ, ಕಡಿಮೆ ಕೊಳೆಯಿಂದ ಹೆಚ್ಚು ಕೊಳೆಗೆ. ಬಿಳಿ ಯೂನಿಫಾರಂ ಜಾಲಿಸಿದ ಕೊನೆಯ ನೀರು ಚೆಲ್ಲೋದಿಲ್ಲ, ಅದು ಡ್ರಮ್ಮಿನ ಕೆಂಪು ಬಟ್ಟೆಗೆ ಮೊದಲ ನೀರು. ಅಲ್ಲಿಂದ ಬಂದ ನೀರು ಅಂಗಳಕ್ಕೋ ಸಂಡಾಸಿಗೋ. ಮಷೀನಿನ ಹೊರಪೈಪನ್ನ ಮೋರಿಗೆ ಬಿಡೋ ಬದಲು ದೊಡ್ಡ ಬಕೆಟ್‌ಗೆ ಬಿಟ್ಟರೆ ಇದು ಸುಲಭ, ಆದರೆ ಪಕ್ಕದಲ್ಲಿ ಯಾರಾದ್ರೂ ನಿಂತಿರಬೇಕು, ಬಕೆಟ್ ತುಂಬೋದು ಬೇಗ. ಮೇಲಿಂದ ಬಟ್ಟೆ ಹಾಕೋ ಮಷೀನು ನೀರು ಹೆಚ್ಚು ಕುಡಿಯುತ್ತೆ, ಮುಂದಿನ ಬಾಗಿಲಿನದು ಕಡಿಮೆ. ನೀರಿನ ಪರದಾಟ ಇರೋರು ಕೊಳ್ಳುವಾಗ ಬೆಲೆಗಿಂತ ಮೊದಲು ಇದನ್ನ ಕೇಳಿ.

ಕೆಂಪು ಧೂಳು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಪ್ಯಾಕೆಟ್ ಹಿಂದೆ ಬರೆದಿರೋದು ಇದಕ್ಕೆ ನಡೆಯಲ್ಲ.

ಸಂಡೂರಿನ ಅದಿರು ಹೆಮಟೈಟ್, ಅಂದ್ರೆ ಕಬ್ಬಿಣದ ಆಕ್ಸೈಡು. ನೀರಲ್ಲಿ ಕರಗಲ್ಲ, ಸೋಪಿನಲ್ಲೂ ಕರಗಲ್ಲ. ಸಣ್ಣ ಪುಡಿಯಾಗಿ ನೂಲಿನ ಸಂದಿಯಲ್ಲಿ ಕೂತಿರುತ್ತೆ. ಹಾಗಾಗಿ ಅದನ್ನ ಕರಗಿಸೋ ಯೋಚನೆ ಬಿಟ್ಟು ಹೊರಗೆ ಹಾಕೋ ಯೋಚನೆ ಮಾಡಬೇಕು. ಒಣಗಿರುವಾಗಲೇ ಝಾಡಿಸಿ. ನೀರು ತಾಗಿತೋ, ಪುಡಿ ಕೆಸರಾಗಿ ಇನ್ನೂ ಒಳಗೆ ಇಳಿಯುತ್ತೆ. ಮೂಗಿಗೆ ಬಟ್ಟೆ ಕಟ್ಕೊಂಡು, ಗಾಳಿಗೆ ಬೆನ್ನು ಮಾಡಿ ನಿಂತು, ಅಂಗಿಯ ಹೆಗಲು ಹಿಡಿದು ಜೋರಾಗಿ ಒದರಿ. ಆಮೇಲೆ ಜೇಬು ಹೊರಗೆ ಎಳೀರಿ. ಧೂಳಿನ ಗೂಡು ಇರೋದು ಅಲ್ಲೇ: ಜೇಬಿನ ತಳದ ಹೊಲಿಗೆಯಲ್ಲಿ ಬೆರಳಾಡಿಸಿದರೆ ಕೆಂಪು ಎಳೆ ಉಂಡೆ ಕಟ್ಕೊಂಡು ಸಿಗುತ್ತೆ. ತೋಳಿನ ಮಡಿಕೆ, ಕಾಲರಿನ ಕೆಳಭಾಗ, ಪ್ಯಾಂಟಿನ ಪಾದದ ಮಡಿಕೆ ಬಿಚ್ಚಿ ಒಣ ಬ್ರಶ್‌ನಿಂದ ಉಜ್ಜಿ. ಸಾಕ್ಸ್ ಒಳಮೈ ಹೊರಗೆ ತಿರುವಿ ಗೋಡೆಗೆ ಬಡೀರಿ.

ಮೊದಲ ನೀರಿಗೆ ಸೋಪು ಹಾಕಬೇಡಿ. ಬರೀ ನೀರಲ್ಲಿ ಅದ್ದಿ ಎತ್ತಿ, ಅದ್ದಿ ಎತ್ತಿ, ನೀರು ಕಾವಿ ಬಣ್ಣಕ್ಕೆ ಬರುತ್ತೆ, ಚೆಲ್ಲಿ. ಇಲ್ಲೇ ಸೋಪು ಹಾಕಿದರೆ ಅರ್ಧ ಸೋಪಿನ ಪುಡಿ ಆ ಮಣ್ಣಿನ ಪಾಲಾಗುತ್ತೆ. ಎರಡನೇ ನೀರಿಗೆ ಡಿಟರ್ಜೆಂಟ್ ಪುಡಿ, ಒಂದು ದೊಡ್ಡ ಚಮಚ ವಾಷಿಂಗ್ ಸೋಡ, ಅರ್ಧ ಗಂಟೆ ನೆನೆಸಿ. ಆಮೇಲೆ ಕಾಲರ್, ಜೇಬು, ತೋಳಿಗೆ ಬ್ರಶ್. ಜಾಲಿಸೋದು, ಹಿಂಡೋದನ್ನ ಮಾತ್ರ ಮಷೀನಿಗೆ ಬಿಡಿ. ನೇರವಾಗಿ ಮಷೀನಿಗೆ ತುರುಕಿದರೆ ಆ ಅದಿರಿನ ಪುಡಿ ಮಷೀನಿನ ಡ್ರಮ್ಮಿನ ತಳದಲ್ಲಿ ಕೂತು ಮುಂದಿನ ಸರದಿಯ ಮಕ್ಕಳ ಬಟ್ಟೆಗೆ ಬರುತ್ತೆ.

ಬಿಳಿ ಬರಲಿ ಅಂತ ಬ್ಲೀಚ್ ಹಾಕೋರಿದ್ದಾರೆ. ಕಬ್ಬಿಣದ ಕೆಂಪಿಗೆ ಕ್ಲೋರಿನ್ ಬ್ಲೀಚಿಂದ ಏನೂ ಆಗಲ್ಲ, ತುಕ್ಕಿನ ಕಲೆ ಇದ್ದರೆ ಅದು ಇನ್ನಷ್ಟು ಗಟ್ಟಿಯಾಗುತ್ತೆ. ತಂತಿಯಿಂದಲೋ ಬಕೆಟ್ ಹಿಡಿಯಿಂದಲೋ ತಾಗಿದ ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ತೊಳೆದರೆ ಹೋಗುತ್ತೆ, ಆದರೆ ಬಣ್ಣದ ಬಟ್ಟೆಗಾದರೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ನಿಂಬೆಯನ್ನೂ ಬ್ಲೀಚನ್ನೂ ಮಾತ್ರ ಯಾವತ್ತೂ ಒಟ್ಟಿಗೆ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ. ಬಚ್ಚಲು ಸಣ್ಣದಾದರೆ ಇನ್ನೂ ಅಪಾಯ.

ಮಗ ಕ್ರಿಕೆಟ್ ಆಡಿ ಮೆತ್ತಿಸ್ಕೊಂಡು ಬರೋ ಎರೆಮಣ್ಣಿಗೂ ಇದೇ ಕ್ರಮ. ಹಸಿ ಇರುವಾಗ ಉಜ್ಜಬೇಡಿ. ಒಣಗಲಿ, ಉದುರಲಿ, ಆಮೇಲೆ ನೀರು.

ಬೋರು ನೀರು, ನಳದ ನೀರು

ನಳ ಬರದ ದಿನಗಳಲ್ಲಿ ಬೋರೇ ಗತಿ. ಬೋರಿನ ನೀರು ಗಡಸು. ನಿಮ್ಮದು ಎಷ್ಟು ಗಡಸು ಅಂತ ನೋಡೋಕೆ ಬಾಟಲಿಯಲ್ಲಿ ಅರ್ಧ ನೀರು ತಗೊಂಡು ಸ್ವಲ್ಪ ಸೋಪು ಹೆರೆದು ಹಾಕಿ ಕುಲುಕಿ. ನೊರೆ ಎದ್ದು ನಿಂತರೆ ಒಳ್ಳೆಯದು. ನೊರೆಯೇ ಬರದೆ ಮೇಲೆ ಮೊಸರಿನ ಥರ ಬಿಳಿ ಗಸಿ ತೇಲಿದರೆ ಗಡಸು. ನೀರಲ್ಲಿರೋ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಆ ಗಸಿ ಆಗುತ್ತೆ. ಟವಲು ಹಲಗೆ ಆಗೋದು, ಬಿಳಿ ಬನಿಯನ್ನು ಬೂದಿ ಆಗೋದು ಇದರಿಂದಲೇ. ಬೋರು ನೀರಿಗೆ ಸೋಪಿನ ಬಿಲ್ಲೆ ಬಿಡಿ, ಡಿಟರ್ಜೆಂಟ್ ಪುಡಿ ಬಳಸಿ, ಜೊತೆಗೆ ಸೋಡ. ರೇಷ್ಮೆಗೆ, ಉಣ್ಣೆಗೆ ಸೋಡ ಬೇಡ. ಕೈಗೂ ಒಳ್ಳೆಯದಲ್ಲ, ಗ್ಲೌಸ್ ಹಾಕ್ಕೊಳ್ಳಿ.

ನಳದ ನೀರು ಇಷ್ಟೇ ಇದೆ ಅಂದ್ರೆ ಅದನ್ನ ಕೊನೆಯ ಜಾಲಾಟಕ್ಕೆ ಇಟ್ಕೊಳ್ಳಿ. ಇದನ್ನ ಹೇಳಿಕೊಟ್ಟಿದ್ದು ಅತ್ತೆ: “ಒಗಿಯಾಕ ಬೋರು ಸಾಕು, ಹಿಂಡೂ ಮೊದ್ಲು ಹೊಳಿ ನೀರು ಕುಡಿಸು.” ಮಷೀನಿನ ನೀರಿನ ಪೈಪು ಕೂಡೋ ಕಡೆ ಒಂದು ಸಣ್ಣ ಜಾಲರಿ ಇರುತ್ತೆ, ಆಗಾಗ ಬಿಚ್ಚಿ ತೊಳೀರಿ. ನೀರೇ ತುಂಬ್ತಿಲ್ಲ ಅಂತ ಮೆಕ್ಯಾನಿಕ್‌ನ ಕರೆಸೋ ಮೊದಲು ಅದನ್ನ ನೋಡಿ. ಒಳಗೆ ಕಟ್ಟೋ ಸುಣ್ಣಕ್ಕೆ ಕಿರಾಣಿ ಅಂಗಡಿಯ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಸ್ವಲ್ಪ ಹಾಕಿ, ಬಟ್ಟೆ ಹಾಕದೆ ಬಿಸಿನೀರಲ್ಲಿ ಒಮ್ಮೆ ಓಡಿಸಿ.

ಜೀನ್ಸು

ಊರೆಲ್ಲಾ ಹೊಲಿಯೋದು ಜೀನ್ಸೇ, ಆದರೆ ಒಗೆಯೋಕೆ ಬರೋರು ಕಡಿಮೆ. ಜೀನ್ಸಲ್ಲಿ ಉದ್ದಕ್ಕೆ ಹೋಗೋ ಹಾಸುನೂಲಿಗೆ ಮಾತ್ರ ನೀಲಿ ಕೊಟ್ಟಿರ್ತಾರೆ, ಅಡ್ಡ ಹೋಗೋ ಹೊಕ್ಕುನೂಲು ಬಿಳಿ, ಒಳಮೈ ಬೆಳ್ಳಗಿರೋದು ಅದಕ್ಕೇ. ಆ ನೀಲಿಯೂ ನೂಲಿನ ಹೊರಪದರದಲ್ಲಿ ಇರುತ್ತೆ, ತಿರುಳಿಗೆ ಇಳಿದಿರಲ್ಲ. ಉಜ್ಜಿದಷ್ಟೂ ನೀಲಿ ಹೋಗಿ ತಿರುಳು ಕಾಣುತ್ತೆ. ಹಾಗಾಗಿ ಒಳಮೈ ಹೊರಗೆ ತಿರುವಿ, ಜಿಪ್ ಹಾಕಿ, ತಣ್ಣೀರಲ್ಲಿ ಬೇರೆಯಾಗಿ ಒಗೀರಿ. ಬ್ರಶ್ ಮುಟ್ಟಿಸಬೇಡಿ. ದಿನಾ ಒಗೆಯೋದೂ ಬೇಡ, ಒಮ್ಮೆ ಹಾಕಿದ್ದನ್ನ ನೆರಳಲ್ಲಿ ಗಾಳಿಗೆ ನೇತುಹಾಕಿ ಮತ್ತೆ ಹಾಕ್ಕೊಳ್ಳಬಹುದು. ಹೊಸ ಜೀನ್ಸನ್ನ ತಿಳಿ ಬಣ್ಣದ ಬಟ್ಟೆ ಜೊತೆ ಮಡಿಚೂ ಇಡಬೇಡಿ.

ಇಳಕಲ್ ಸೀರೆಗೆ ಇನ್ನೊಂದು ಎಚ್ಚರ. ಸೆರಗನ್ನ ಮಗ್ಗದ ಮೇಲೆ ಕೊಂಡಿ ಹಾಕಿ ಸೀರೆಯ ಮೈಗೆ ಕೂಡಿಸಿರ್ತಾರೆ, ಎರಡರ ನೂಲೂ ಬಣ್ಣವೂ ಬೇರೆ. ಸೆರಗಿನ ಕೆಂಪು ಮೈಗೆ ಹತ್ತೋದು ನೆನೆಸಿಟ್ಟಾಗ. ನೆನೆಸಲೇಬೇಡಿ. ಅಂಟವಾಳದ ನೀರಲ್ಲಿ ಮೈ ಮೊದಲು ಅದ್ದಿ ತೆಗೆದು, ಸೆರಗು ಕೊನೆಗೆ ಅದ್ದಿ, ತಕ್ಷಣ ಜಾಲಿಸಿ ನೆರಳಿಗೆ ಹಾಕಿ. ಬಣ್ಣ ಬಿಡುತ್ತಾ ಅನ್ನೋ ಅನುಮಾನ ಇದ್ದರೆ ಒದ್ದೆ ಬಿಳಿ ಬಟ್ಟೆಯನ್ನ ಒಂದು ಮೂಲೆಗೆ ಒತ್ತಿ ಹಿಡೀರಿ, ಉತ್ತರ ಅಲ್ಲೇ ಸಿಗುತ್ತೆ.

ಕಲೆಗಳು

ಮಿರ್ಚಿ, ಒಗ್ಗಾಣಿ ತಿಂದು ಬಿದ್ದ ಎಣ್ಣೆ ಕಲೆಗೆ ನೀರು ಹಾಕೋ ಮೊದಲೇ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಚ್ಚಿ ಬಿಡಿ. ಅದೇ ಒಗ್ಗಾಣಿಯ ಅರಿಶಿನ ಸೋಪು ತಾಗಿದ ಕೂಡಲೇ ಕೆಂಪಾಗುತ್ತೆ, ಗಾಬರಿ ಬೇಡ, ಕ್ಷಾರ ಸೋಕಿದರೆ ಅರಿಶಿನದ ಗುಣವೇ ಅದು. ಜಾಲಿಸಿದ ಮೇಲೆ ಉಳಿದ ಹಳದಿಯನ್ನ ಬಳ್ಳಾರಿ ಬಿಸಿಲು ನೋಡ್ಕೊಳ್ಳುತ್ತೆ. ರಕ್ತಕ್ಕೆ, ಹಾಲಿಗೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಬಾಲ್‌ಪೆನ್ನಿನ ಗೀಟಿಗೆ ಸ್ಯಾನಿಟೈಸರ್, ಕೆಳಗೆ ಹಳೇ ಬಟ್ಟೆ ಇಟ್ಟು ಒತ್ತಿ, ಉಜ್ಜಬೇಡಿ.

ಶನಿವಾರದ ಬಿಳಿ ಯೂನಿಫಾರಂಗೆ ನೀಲಿ ಹಾಕೋದಾದರೆ ಕೊನೆಯ ನೀರಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬಟ್ಟೆ ಬಿಡಿಸಿ ಅದ್ದಿ. ಮುದ್ದೆ ಮಾಡಿ ಅದ್ದಿದರೆ ಮಚ್ಚೆ ಮಚ್ಚೆ. ನೀಲಿಯಿಂದ ಕೊಳೆ ಹೋಗಲ್ಲ, ಹಳದಿ ಕಣ್ಣಿಗೆ ಕಾಣಲ್ಲ ಅಷ್ಟೇ.

ಒಣಹಾಕೋದು, ಮಡಚೋದು

ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಬಟ್ಟೆ ಹಾಕಿದರೆ ಬಣ್ಣವೂ ಹೋಗುತ್ತೆ, ಎಲಾಸ್ಟಿಕ್ಕೂ ಹೋಗುತ್ತೆ. ಆ ಕಾಲಕ್ಕೆ ನಾನು ರಾತ್ರಿ ಊಟ ಆದಮೇಲೆ ಮಾಳಿಗೆ ಮೇಲೆ ಒಣಹಾಕ್ತೀನಿ, ಬೆಳಗಾಗೋದ್ರೊಳಗೆ ಒಣಗಿರುತ್ತೆ, ಬಿಸಿಲು ಏರೋ ಮೊದಲು ತೆಗೀತೀನಿ. ಆಷಾಢದ ಗಾಳಿಗೆ ಕ್ಲಿಪ್ಪು ಬೇಕೇಬೇಕು, ಇಲ್ಲದಿದ್ದರೆ ನಿಮ್ಮ ಬನಿಯನ್ನು ಮೂರನೇ ಮನೆಯ ಬೇವಿನ ಮರದಲ್ಲಿ ಸಿಗುತ್ತೆ. ಗಾಳಿ ಜೊತೆ ಧೂಳೂ ಬರೋದರಿಂದ ಒಳಮೈ ಹೊರಗೆ ಮಾಡಿ ಹಾಕಿ. ಮಳೆ ದಿನಗಳಲ್ಲಿ ಹಿಂಡಿದ ಬಟ್ಟೆ ಮಷೀನಲ್ಲೇ ಬಿಟ್ಟು ಕೆಲಸಕ್ಕೆ ಹೋಗಬೇಡಿ, ಆ ಮುಗ್ಗಲು ವಾಸನೆಗೆ ಮಳೆ ಕಾರಣ ಅಲ್ಲ, ನಮ್ಮ ಅವಸರ ಕಾರಣ. ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹಾಕಿ.

ಇಸ್ತ್ರಿ ನಮ್ಮಲ್ಲಿ ಯೂನಿಫಾರಂಗೆ ಮಾತ್ರ. ಉಳಿದವನ್ನ ಒಣಹಾಕೋ ಮೊದಲು ಜೋರಾಗಿ ಒದರಿ, ಕಾಲರು, ಪಟ್ಟಿ ಕೈಯಿಂದ ಎಳೆದು ನೇರ ಮಾಡಿದರೆ ಸಾಕು. ಮಡಚೋದು ಮಕ್ಕಳ ಕೆಲಸ, ಟಿವಿ ಮುಂದೆ. ಅವರು ಮಡಚಿದ್ದು ಸೊಟ್ಟಗಿರುತ್ತೆ, ಇರಲಿ. ಮತ್ತೆ ಬಿಚ್ಚಿ ನಾವು ಮಡಚಿದರೆ ನಾಳೆಯಿಂದ ಅವರು ಕೈ ಹಚ್ಚಲ್ಲ. ಯಜಮಾನ್ರ ಪಾಲಿಗೆ ಕೆಂಪು ಡ್ರಮ್ಮು: ಝಾಡಿಸೋದು, ಮೊದಲ ನೀರು, ಎರಡೂ ಅವರದ್ದೇ, ಯಾವ ಪಾಳಿ ಇದ್ದರೂ.

ಕೌದಿ

ಕೊನೆಗೆ ಉಳಿಯೋದು ಕೌದಿ. ದಸರಾ ಮುಂದೆ ಮನೆ ಹಾಸಿಗೆಯೆಲ್ಲಾ ಗಾಡಿ ಮೇಲೆ ಹೇರ್ಕೊಂಡು ಕಾಲುವೆಗೆ ಹೋಗೋ ರೂಢಿ ನಮ್ಮ ಕಡೆ ಇನ್ನೂ ಇದೆ. ನನಗೆ ಅದು ಬೇಡ ಅನ್ಸುತ್ತೆ: ಕಾಲುವೆಯ ಇಳಿಜಾರು ಪಾಚಿ ಹಿಡಿದಿರುತ್ತೆ, ನೀರಿನ ಸೆಳೆತ ಮೇಲಿಂದ ಕಾಣಲ್ಲ, ಒದ್ದೆ ಕೌದಿಯ ಭಾರ ಮನುಷ್ಯರನ್ನೇ ಎಳ್ಕೊಳ್ಳುತ್ತೆ. ಮಷೀನಿಗೂ ಬೇಡ, ಪದರದ ಮೇಲೆ ಪದರ ಹೊಲಿದ ಹಳೇ ಸೀರೆ ನೀರು ಕುಡಿದರೆ ಡ್ರಮ್ಮು ತಿರುಗೋಕೂ ಕಷ್ಟ.

ನಳ ಬರೋ ದಿನ ಮಾಳಿಗೆ ಮೇಲೆ ಹಾಸಿ, ಸೋಪಿನ ನೀರು ಚೆಲ್ಲಿ, ಮಕ್ಕಳನ್ನ ತುಳಿಯೋಕೆ ಬಿಡಿ. ಆಮೇಲೆ ಪೈಪ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೀರು ಓಡಿಸಿ, ಹಿಂಡಬೇಡಿ, ಹಿಂಡಿದರೆ ಹೊಲಿಗೆ ಕಿತ್ತು ಬರುತ್ತೆ. ಸುರುಳಿ ಸುತ್ತಿ ಮೇಲೆ ನಿಂತರೆ ನೀರು ತಾನೇ ಇಳಿಯುತ್ತೆ. ಪ್ಯಾರಪೆಟ್ ಮೇಲೆ ಹರವಿ, ಇಟ್ಟಿಗೆ ಇಟ್ಟು, ಮಧ್ಯಾಹ್ನ ಒಮ್ಮೆ ಮಗ್ಗಲು ಬದಲಿಸಿ. ಮೇಲೆ ಮುಟ್ಟಿದರೆ ಒಣಗಿದೆ ಅನ್ಸಿದರೂ ನಡುವಿನ ಪದರ ಹಸಿ ಇರುತ್ತೆ, ಇನ್ನೊಂದು ದಿನದ ಬಿಸಿಲು ಕಾಣಿಸಿ ಆಮೇಲೆ ಮಡಚಿ.