ಅಮ್ಮನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿದಾಗ

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ನಿಯಂತ್ರಣದ ಮಾತೆತ್ತಿದರೆ ರೈತರು ಕೇಳುವುದು ಒಂದೇ: "ಅದನ್ನ ಬಿಟ್ಟು ಇನ್ನೇನು ಬೆಳೆಯೋದು ಸಾರ್?" ನ್ಯಾಯವಾದ ಪ್ರಶ್ನೆ. ಭಾರತ 2004ರಲ್ಲೇ ಒಪ್ಪಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಎನ್ನುತ್ತದೆ. ಆದರೆ ದಾರಿ ಹುಡುಕಲು ಮೊದಲು ತಂಬಾಕಿನಲ್ಲಿ ಖರ್ಚೆಷ್ಟು, ಉಳಿಯೋದೆಷ್ಟು ಎಂಬ ಊರಿನ ಲೆಕ್ಕ ಬೇಕಲ್ವಾ? ಆ ಲೆಕ್ಕ ಹಾಕುವುದನ್ನು ಇಲ್ಲಿನ ಮಕ್ಕಳಿಗೇ ಕಲಿಸೋಣ ಎಂದು ಹೊರಟೆ.

ಬಂದವರು ಡಿಗ್ರಿ ಓದುತ್ತಿದ್ದವರು, ಜಾಸ್ತಿ ಜನ ಬೆಳೆಗಾರರ ಮನೆಯವರೇ. ಬೇರೆ ಕಡೆ ಬಳಸಿದ್ದ ಒಂದು ಪ್ರಶ್ನಾವಳಿ ಮುಂದಿಟ್ಟು, ಇದರಲ್ಲಿ ಏನು ಬಿಟ್ಟುಹೋಗಿದೆ ಹೇಳಿ ಎಂದೆ. ಗೊಬ್ಬರ, ಔಷಧಿ, ಸೌದೆ, ಆಳಿನ ಕೂಲಿ, ಹರಾಜಿನ ದರ ಎಲ್ಲಾ ಇತ್ತು. ಒಬ್ಬ ಹುಡುಗಿ ಎದ್ದು, "ನಮ್ಮಮ್ಮನ ಕೆಲಸ ಎಲ್ಲಿ ಬರೆಯೋದು ಸಾರ್?" ಎಂದಳು.

ಅಲ್ಲಿಂದ ಸಮೀಕ್ಷೆಯ ದಿಕ್ಕೇ ಬದಲಾಯಿತು. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು ಹೆಚ್ಚಾಗಿ ಹೆಂಗಸರೇ. ಬ್ಯಾರನ್‌ಗೆ, ಅಂದರೆ ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಮನೆಗೆ, ತುಂಬಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಈ ನಿದ್ದೆಗೆಟ್ಟ ರಾತ್ರಿಗಳನ್ನು ಯಾರೂ ಖರ್ಚು ಎಂದು ಬರೆಯುವುದಿಲ್ಲ. ವರ್ಷದ ಕೊನೆಗೆ ಕೇಳಿದರೆ ನೆನಪೂ ಇರುವುದಿಲ್ಲ. ಅದಕ್ಕೇ ಮನೆಮನೆಗೆ ಒಂದು ಕ್ಯಾಲೆಂಡರ್ ಕೊಟ್ಟೆವು. ಆಯಾ ದಿನ ಯಾರು, ಎಷ್ಟು ಹೊತ್ತು ಗೇಯ್ದರು ಎಂದು ಅದರಲ್ಲೇ ಬರೆದಿಡುವುದು. ಒದ್ದೆ ಸೊಪ್ಪು ಮುರಿದ ದಿನ ತಲೆಸುತ್ತು, ವಾಂತಿ ಬಂದರೆ ಅದಕ್ಕೂ ಒಂದು ಗುರುತು. ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವುದರಿಂದ ಬರುವ ಕಾಯಿಲೆ ಅದು. ಬಿಸಿಲಿಗೆ ಹಾಗಾಯಿತು ಎಂದುಕೊಂಡು ಸುಮ್ನೆ ಮಲಗುತ್ತಿದ್ದವರೇ ಜಾಸ್ತಿ.

ಮನೆಯವರ ದುಡಿಮೆಗೂ ಊರಿನ ಕೂಲಿ ದರ ಹಿಡಿದು ಕೂಡಿಸಿದಾಗ ಲಾಭ ಇಳಿಯಿತು. ಕೆಲವು ಮನೆಗಳಲ್ಲಿ ಏನೂ ಉಳಿಯಲಿಲ್ಲ. ಮಲಾವಿ, ಕೀನ್ಯಾ, ಇಂಡೋನೇಷ್ಯಾದ ಅಧ್ಯಯನಗಳಲ್ಲೂ ಕಂಡಿರುವುದು ಇದೇ. ಆದರೆ ಹೊರಗಿನವರು ಹೇಳಿದ್ದರೆ ಊರಿನವರು ಖಂಡಿತ ನಂಬುತ್ತಿರಲಿಲ್ಲ. ಮಗಳೇ ಕೂತು ಓದಿ ಹೇಳಿದಾಗ ಅಪ್ಪಂದಿರು ಒಂದೊಂದು ಅಂಕಿಯನ್ನೂ ಹಿಡಿದು ಕೇಳಿದರು, ಜಗಳವಾಡಿದರು, ಎರಡು ಕಡೆ ತಿದ್ದಿಸಿದರು. ನನಗೆ ಬೇಕಾಗಿದ್ದ ಸಂಶೋಧನೆ ಇದೇ.

ತಂಬಾಕು ಕಂಪನಿಗಳಿಂದ ಒಂದು ರೂಪಾಯಿಯನ್ನೂ ಮುಟ್ಟಬಾರದು ಎಂಬುದನ್ನು ತಂಡ ಮೊದಲ ದಿನವೇ ಬರೆದಿಟ್ಟುಕೊಂಡಿತ್ತು. ಈಗ ಅದೇ ಹುಡುಗ ಹುಡುಗಿಯರು ಶುಂಠಿ, ಮುಸುಕಿನ ಜೋಳ ಬೆಳೆಯುವ ಮನೆಗಳಿಗೂ ಕ್ಯಾಲೆಂಡರ್ ಹಂಚಿದ್ದಾರೆ.