ಬಿಡುಗಡೆಯ ಪ್ರಾರ್ಥನೆ: ಕೂರುವ ಮುಂಚೆ, ಕೂತಾಗ, ಎದ್ದ ಮೇಲೆ

"ಪಾಸ್ಟ್ರೇ, ನಮ್ಮ ಹುಡುಗಿಗೆ ಗಾಳಿ ಸೋಕೈತಿ, ಒಂದೀಟು ಪ್ರಾರ್ಥನೆ ಮಾಡ್ರಿ" ಎಂದು ದಾವಣಗೆರೆ ಸುತ್ತಿನ ಹಳ್ಳಿಗಳಿಂದ ಆಟೋ ಮಾಡಿಕೊಂಡು ಬರುತ್ತಾರೆ. ಹೀಗೆ ದೆವ್ವ ಹಿಡಿದಿದೆ ಎಂದು ಬಂದವರಿಗಾಗಿ ಸಭೆಯ ತಂಡ ಕೂತು ಮಾಡುವುದೇ ಬಿಡುಗಡೆಯ ಪ್ರಾರ್ಥನೆ. ಬಂದ ಕೂಡಲೇ ತಲೆಯ ಮೇಲೆ ಕೈ ಇಡಬೇಡಿ. ಕೂರಿಸಿ, ನೀರು ಕೊಡಿ, ಕೇಳಿ. ಬೈಬಲಿನ ಮಾರ್ಕ 9ನೇ ಅಧ್ಯಾಯದಲ್ಲಿ ಹುಡುಗ ನೊರೆ ಸುರಿಸುತ್ತಾ ನೆಲದಲ್ಲಿ ಹೊರಳಾಡುತ್ತಿದ್ದಾಗಲೂ ಯೇಸು ದುರಾತ್ಮವನ್ನು ಗದರಿಸುವ ಮುಂಚೆ ತಂದೆಯನ್ನು ವಿಚಾರಿಸಿದ: ಇದು ಬಂದು ಎಷ್ಟು ಕಾಲವಾಯಿತು?

ಈ ವಿಚಾರಣೆಗೆ ಅರ್ಧ ಗಂಟೆಯಾದರೂ ಬೇಕು. ಯಾವಾಗ ಶುರುವಾಯಿತು, ರಾತ್ರಿ ಎಷ್ಟು ಹೊತ್ತು ನಿದ್ದೆ, ಯಾವ ಮಾತ್ರೆ ನಡೆಯುತ್ತಿದೆ, ತಲೆಗೆ ಪೆಟ್ಟು ಬಿದ್ದಿತ್ತೇ, ಜ್ವರವಿದೆಯೇ. ಗಂಡಸಾದರೆ ಕುಡಿತದ ಬಗ್ಗೆ ಕೇಳಲೇಬೇಕು. ದಿನಾ ಕುಡಿಯುವವನು ಥಟ್ಟನೆ ಬಿಟ್ಟರೆ ಎರಡು ಮೂರನೇ ದಿನಕ್ಕೆ ಕೈ ನಡುಗಿ, ಇಲ್ಲದ ಹುಳ ಹುಪ್ಪಟೆ, ಇಲ್ಲದ ಜನ ಕಾಣಿಸಬಹುದು; ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಬಾಣಂತಿಯಾದರೆ ಹೆರಿಗೆಯಾಗಿ ಎಷ್ಟು ದಿನ ಎಂದು ಕೇಳಿ. ಮೊದಲ ವಾರಗಳಲ್ಲಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಕೂಸನ್ನೇ ಅನುಮಾನಿಸುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಕೂಸಿನ ಜೊತೆ ಒಬ್ಬಳನ್ನೇ ಬಿಡಬೇಡಿ. ಮಲಗಿದ್ದಾಗ ಎದೆಯ ಮೇಲೆ ಯಾರೋ ಕೂತಂತೆ, ಕೂಗಿದರೂ ದನಿ ಬಾರದಂತೆ ಆಗುವುದು ಬಹುಪಾಲು ನಿದ್ದೆಯ ತೊಂದರೆ.

ವೈದ್ಯರ ಹತ್ತಿರ ಕಳಿಸುವುದು ಅಪನಂಬಿಕೆಯಲ್ಲ. ಮತ್ತಾಯ 4:24 ದೆವ್ವಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಜೊತೆಗೆ ಹೋಗಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಅದರ ಜೊತೆಗೇ ನಡೆಯಲಿ. ನಂಬಿಕೆಯ ಹೆಸರಲ್ಲಿ ಮಾತ್ರೆ ಬಿಡಿಸುವುದು ಈ ಸೇವೆಯಲ್ಲಿ ಆಗುವ ಅತಿ ದೊಡ್ಡ ತಪ್ಪು: ಫಿಟ್ಸ್ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬರಬಹುದು.

ಕೂರುವುದಾದರೆ ಹಗಲಲ್ಲೇ ಕೂರಿ. ಬಾಗಿಲು ತೆರೆದಿರಲಿ. ಮೂರು ಅಥವಾ ನಾಲ್ಕು ಜನ ಸಾಕು: ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸಲು, ಒಬ್ಬರು ಆ ವ್ಯಕ್ತಿಯ ಮುಖ, ಉಸಿರು ನೋಡುತ್ತಿರಲು, ಮನೆಯವರೊಬ್ಬರು. ಹೆಂಗಸಿನ ಪಕ್ಕ ಹೆಂಗಸೇ ಕೂರಬೇಕು. ಫೋನುಗಳೆಲ್ಲ ಹೊರಗೆ. ಇದನ್ನು ವಿಡಿಯೋ ಮಾಡಿ ಹಂಚುವುದು ಆ ಮನೆಯ ಮಾನ ತೆಗೆಯುವ ಕೆಲಸ, ಸಾಕ್ಷಿಯಲ್ಲ. ತಂಡದವರು ಬೇಕಿದ್ದರೆ ಉಪವಾಸವಿರಲಿ. ಪ್ರಾರ್ಥನೆಗೆ ಬಂದವರಿಗೆ ಊಟ, ನಿದ್ದೆ ಎರಡೂ ಆಗಿರಬೇಕು. ಇಡೀ ರಾತ್ರಿ ಪ್ರಾರ್ಥನೆಯಲ್ಲಿ ಕೂರಿಸಿ ನಿದ್ದೆ ಕೆಡಿಸಿದರೆ ಅದರಿಂದಲೇ ಫಿಟ್ಸ್ ಬರಬಹುದು, ನೋಡುವವರು "ಈಗ ದೆವ್ವ ಆಡ್ತಾ ಇದೆ" ಅನ್ನುತ್ತಾರೆ.

"ನಿಮಗಾಗಿ ಪ್ರಾರ್ಥಿಸಲೇ?" ಎಂದು ಅವರನ್ನೇ ಕೇಳಿ, ಮನೆಯವರನ್ನಲ್ಲ. ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಹೂಂ ಎಂದರೆ ಕೀರ್ತನೆ 91 ಓದಿ, ಪಾಪದ ಅರಿಕೆಗೂ ಕ್ಷಮೆಗೂ ಸಮಯ ಕೊಟ್ಟು, ಆಮೇಲೆ ಅಪ್ಪಣೆ: "ಯೇಸುಕ್ರಿಸ್ತನ ನಾಮದಲ್ಲಿ ಇವಳನ್ನು ಬಿಟ್ಟು ಹೋಗು." ಒಂದು ವಾಕ್ಯ, ಮಾತಾಡುವ ದನಿಯಲ್ಲಿ. ಕಿರುಚಿದರೆ ಅಧಿಕಾರ ಹೆಚ್ಚುವುದಿಲ್ಲ, ಅಕ್ಕಪಕ್ಕದ ಮನೆಯವರು ಹೆಚ್ಚುತ್ತಾರೆ. ಎಣ್ಣೆ ಹಚ್ಚುವುದಾದರೆ ಹಣೆಗೆ ಬೆರಳ ತುದಿಯಷ್ಟು. ಕೈ ಇಡುವುದಾದರೆ ಕೇಳಿ, ತಲೆ ಅಥವಾ ಹೆಗಲ ಮೇಲೆ ಮಾತ್ರ, ಹೂವಿನಷ್ಟು ಹಗುರವಾಗಿ. ಹಣೆ ಒತ್ತಿ ಬೀಳಿಸಬಾರದು. ಮುಕ್ಕಾಲು ಗಂಟೆಗೆ ಮುಗಿಸಿ.

ದೆವ್ವದ ಜೊತೆ ಮಾತುಕತೆ ಬೇಡ. ಮಾರ್ಕ 5ರಲ್ಲಿ ಯೇಸು ದೆವ್ವದ ಹೆಸರು ಕೇಳಿದ್ದನ್ನೇ ಹಿಡಿದುಕೊಂಡು "ಯಾರು ಕಳಿಸಿದ್ರು, ಎಲ್ಲಿಂದ ಬಂದೆ" ಎಂದು ಗಂಟೆಗಟ್ಟಲೆ ವಿಚಾರಿಸುವವರಿದ್ದಾರೆ. ಆ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಓರಗಿತ್ತಿಯ ಹೆಸರು, ಇಲ್ಲವೇ ಹೊಲದ ಬದುವಿಗೆ ಜಗಳವಾಡಿದ ದಾಯಾದಿಯ ಹೆಸರು. ಸುಳ್ಳಿನ ತಂದೆ ಎಂದು ನಾವೇ ಸಾರುವ ಸೈತಾನನ ಮಾತು ನಂಬಿ ಎರಡು ಮನೆ ಒಡೆಯುತ್ತವೆ. ಬೈಯುವುದೂ ಬೇಡ, ಯೂದನ ಪತ್ರಿಕೆಯಲ್ಲಿ ಪ್ರಧಾನ ದೇವದೂತ ಮೀಕಾಯೇಲನೇ ಸೈತಾನನನ್ನು ದೂಷಿಸದೆ, ಕರ್ತನು ನಿನ್ನನ್ನು ಗದರಿಸಲಿ ಎಂದಷ್ಟೇ ಹೇಳಿದ.

ಮಧ್ಯದಲ್ಲಿ ಫಿಟ್ಸ್ ಬಂದರೆ ಪ್ರಾರ್ಥನೆ ನಿಲ್ಲಿಸಿ, ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೆ 108.

ಹೊಡೆಯುವುದು, ಕಟ್ಟಿಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. 2020ರಲ್ಲಿ ಜಾರಿಗೆ ಬಂದ ರಾಜ್ಯದ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅವು ಅಪರಾಧ ಕೂಡ, ಒಂದರಿಂದ ಏಳು ವರ್ಷ ಜೈಲು. ಮಾಡಿದವರು ಯಾವ ಧರ್ಮದವರು ಎಂದು ಅದು ನೋಡುವುದಿಲ್ಲ.

ಕಥೋಲಿಕರ ದಾರಿ ಬೇರೆ. ಹರಿಹರದ ಆರೋಗ್ಯಮಾತೆ ಬಸಿಲಿಕಾದಲ್ಲಿ ಆಶೀರ್ವಾದ, ಪ್ರಾರ್ಥನೆ ಯಾರು ಬೇಕಾದರೂ ಕೇಳಬಹುದು. ಆದರೆ ವಿಧಿವತ್ತಾದ ದೆವ್ವ ಬಿಡಿಸುವಿಕೆಗೆ ಧರ್ಮಸಭೆಯ ಕಾನೂನು 1172ರಂತೆ ಧರ್ಮಾಧ್ಯಕ್ಷರ (ಬಿಷಪ್) ಸ್ಪಷ್ಟ ಅನುಮತಿ ಪಡೆದ ಗುರುವೇ (ಪಾದ್ರಿ) ಬೇಕು. ಈ ಭಾಗ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ, ಅಂದರೆ ಅಲ್ಲಿನ ಧರ್ಮಾಧ್ಯಕ್ಷರ ಅನುಮತಿ ಬೇಕು. ಸ್ವತಂತ್ರ ಸಭೆಗಳಲ್ಲಿ ಅಂಥ ಬೇಲಿ ಇಲ್ಲ, ಹಾಗಾಗಿ ಬೇಲಿಯನ್ನು ತಂಡವೇ ಹಾಕಿಕೊಳ್ಳಬೇಕು.

ತಾಯತ, ಮಂತ್ರಿಸಿದ ದಾರ ಇದ್ದರೆ ಅವರೇ ಬಿಚ್ಚಲಿ, ಬಿಚ್ಚುವ ಮನಸ್ಸಾದ ದಿನ. ಬೈಬಲಿನ ಕಾಲದ ಎಫೆಸ ಪಟ್ಟಣದಲ್ಲಿ 50,000 ಬೆಳ್ಳಿ ನಾಣ್ಯ ಬೆಲೆಯ ಮಾಟದ ಪುಸ್ತಕಗಳನ್ನು ಸುಟ್ಟವರು ಸುಟ್ಟದ್ದು ತಮ್ಮವನ್ನೇ. ಅತ್ತೆಯ ದೇವರ ಜಗುಲಿಗೆ ಕೈ ಹಾಕುವ ಹಕ್ಕು ನಮಗಿಲ್ಲ. ದುಡ್ಡು ಮುಟ್ಟಬೇಡಿ, ಆಟೋ ಚಾರ್ಜ್ ಸಹ: ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ ಎಂದಿದೆ, ಮತ್ತಾಯ 10:8.

ಹೆಚ್ಚಿನ ತಂಡಗಳು ಸೋಲುವುದು ಮನೆಗೆ ಕಳಿಸಿದ ಮೇಲೆ. ಗುಡಿಸಿ ಅಲಂಕರಿಸಿದ ಮನೆ ಖಾಲಿಯಿದ್ದರೆ ಬಿಟ್ಟುಹೋದ ದುರಾತ್ಮ ಇನ್ನೂ ಏಳನ್ನು ಕರೆದುಕೊಂಡು ಬರುತ್ತದೆ ಎಂದು ಮತ್ತಾಯ 12 ಹೇಳುತ್ತದೆ. ಮೊದಲ ವಾರ ದಿನಾ ಒಬ್ಬರು ಹೋಗಿ ಬನ್ನಿ. ಮಾರ್ಕನ ಸುವಾರ್ತೆಗೆ 16 ಅಧ್ಯಾಯ. ದಿನಕ್ಕೊಂದರಂತೆ ಜೊತೆಯಲ್ಲಿ ಓದಿದರೆ 16 ದಿನ. ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿರುವ, ಸೈತಾನನನ್ನು ಎದುರಿಸಲು ದೇವರು ಕೊಡುವ ಸರ್ವಾಯುಧವನ್ನು ಆಮೇಲೆ ಕಲಿಸಿ, ಅಲ್ಲಿ ಮತ್ತೆ ಮತ್ತೆ ಬರುವ ಮಾತು "ನಿಲ್ಲಿರಿ" ಎಂಬುದನ್ನೂ ತೋರಿಸಿ. ಹೋದಾಗಲೆಲ್ಲ ಮಾತ್ರೆಯ ಚೀಟಿ ನೋಡಿ, ಎಷ್ಟು ಗುಳಿಗೆ ಉಳಿದಿವೆ ಎಣಿಸಿ, ಆಸ್ಪತ್ರೆಗೆ ಮತ್ತೆ ಹೋಗಬೇಕಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬನ್ನಿ.