ಅವನು ಉಸಿರು ಎಳೆದ ಕಡೆ ನನಗೆ ಉಸಿರು ಸಿಗಲಿಲ್ಲ

ನಮ್ಮ ಬ್ಯಾಂಡಿನ ಗಾಯಕ ಎಂಎಸ್ ಓದಲು ಜರ್ಮನಿಗೆ ಹೊರಟ. ಜಗಳ ಏನೂ ಇಲ್ಲ. ವೀಸಾ ಬಂತು, ಹೋದ. ಆದರೆ ಅಷ್ಟರಲ್ಲಿ ಬೆಂಗಳೂರಿನಲ್ಲಿ ಒಂದು ಶೋ ಒಪ್ಪಿಕೊಂಡಾಗಿತ್ತು, ಅದನ್ನು ಪೂರ್ತಿ ರೆಕಾರ್ಡ್ ಮಾಡಿ ಲೈವ್ ಆಲ್ಬಂ ತರುವುದು ಅಂತಲೂ ಮಾತಾಗಿತ್ತು, ಮುಂಗಡ ದುಡ್ಡೂ ಕೊಟ್ಟಾಗಿತ್ತು. ಉಳಿದಿದ್ದು ಏಳು ವಾರ. ಆ ಏಳು ವಾರಕ್ಕೆ, ಅವನ ಬದಲು ಹಾಡಲು ಸಿಕ್ಕಿಬಿದ್ದವನು ನಾನು.

ಹದಿಮೂರು ಹಾಡು. ಒಂಬತ್ತು ಬ್ಯಾಂಡಿನ ಸ್ವಂತದ್ದು, ನಾಲ್ಕು ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಜೂಡಾಸ್ ಪ್ರೀಸ್ಟ್‌ನ ಹಾಡು. ಆಲ್ಬಂಗೆ ಹೋಗುವುದು ಸ್ವಂತದ್ದು ಮಾತ್ರ, ಪ್ರೀಸ್ಟ್ ಹಾಡು ಬಂದ ಜನಕ್ಕೆ. ಕಷ್ಟ ಯಾವುದು ಅಂದರೆ ಆ ಒಂಬತ್ತು. ಅವು ಅವನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಗಳು.

ನಾನು ಶಿವಮೊಗ್ಗದವನು. ಹಾಡಿ ರೂಢಿಯಾಗಿದ್ದು ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ. ಅಲ್ಲಿ ನನ್ನ ಕೆಲಸ ಎಸ್‌ಪಿಬಿ ದನಿಯಲ್ಲಿ ಹಾಡುವುದು. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಅಂತ ಇರುವ ಹಾಗೆ ನಾನೊಬ್ಬ ಕಾಲು ಭಾಗ ಜೂನಿಯರ್ ಎಸ್‌ಪಿಬಿ. ಹಾಗಾಗಿ ಮೊದಲ ದಿನ ಪ್ರಾಕ್ಟೀಸ್‌ಗೆ ಹೋದಾಗ ನನಗೆ ಅನ್ನಿಸಿದ್ದು ಇಷ್ಟೇ: ಇದೂ ಅದೇ ಅಲ್ವಾ? ಅವನ ದನಿ ಹಿಡಿ, ಹಾಡು, ಮುಗೀತು.

ಆಗ ಬೇಸ್ ನುಡಿಸುವವನು ಪ್ರೀಸ್ಟ್‌ನ ಲೈವ್ ಆಲ್ಬಂನ ಒಂದು ಡಬಲ್ ಸಿಡಿ ತಂದು ಕೈಗಿಟ್ಟ. ’98 ಲೈವ್ ಮೆಲ್ಟ್‌ಡೌನ್. ಇದನ್ನು ಕೇಳಿಕೊಂಡು ಬಾ, ನಿನ್ನ ಪರಿಸ್ಥಿತಿಯೇ ಇದರಲ್ಲಿ ಹಾಡಿದವನದ್ದೂ ಅಂದ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪ್ರೀಸ್ಟ್ ಅಂದರೆ ಗಾಯಕ ರಾಬ್ ಹಾಲ್‌ಫೋರ್ಡ್ ಅಂತ ಲೋಕವೇ ನಂಬಿದ್ದ ಕಾಲ. 1990ರಲ್ಲಿ ಪೇನ್‌ಕಿಲ್ಲರ್ ಆಲ್ಬಂ ಬಂತು, ಅದಾದ ಒಂದೆರಡು ವರ್ಷಕ್ಕೆ ಅವನು ಬ್ಯಾಂಡ್ ಬಿಟ್ಟ. 1996ರಲ್ಲಿ ಆ ಜಾಗಕ್ಕೆ ಬಂದವನು ಅಮೆರಿಕದ ಓಹಾಯೊದ ಆಕ್ರನ್ ಊರಿನ ಟಿಮ್ ಓವೆನ್ಸ್. ಅವನು ಪ್ರೀಸ್ಟ್ ಹಾಡುಗಳನ್ನೇ ಹಾಡುವ ಬ್ರಿಟಿಷ್ ಸ್ಟೀಲ್ ಅನ್ನುವ ಬ್ಯಾಂಡಿನಲ್ಲಿ ಹಾಡಿದ್ದವನು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಜೂನಿಯರ್ ಹಾಲ್‌ಫೋರ್ಡ್. ಅವನು ಹಾಡಿದ ವಿಡಿಯೊ ಕ್ಯಾಸೆಟ್ ಪ್ರೀಸ್ಟ್‌ನ ಡ್ರಮ್ಮರ್ ಸ್ಕಾಟ್ ಟ್ರ್ಯಾವಿಸ್ ಕೈಗೆ ಬಿತ್ತು, ಬ್ಯಾಂಡಿನವರು ನೋಡಿದರು, ಬ್ರಿಟನ್ನಿಗೆ ಕರೆಸಿದರು. ಅಲ್ಲಿ ಅವನಿಂದ ಹಾಡಿಸಿದ್ದು ವಿಕ್ಟಿಮ್ ಆಫ್ ಚೇಂಜಸ್. ಆಮೇಲೆ ಬ್ಯಾಂಡಿನ ಹಳೇ ಹಾಡೊಂದರ ಹೆಸರೇ ಅವನಿಗೆ ಅಡ್ಡಹೆಸರಾಯಿತು, ರಿಪ್ಪರ್.

ನನಗೆ ಜಾಸ್ತಿ ಹಿಡಿಸಿದ್ದು ಇದರ ಹಿಂದಿನ ಸಂಗತಿ. ವಿಕ್ಟಿಮ್ ಆಫ್ ಚೇಂಜಸ್ 1976ರ ಆಲ್ಬಂನದ್ದು. ಅದರ ಒಂದು ಭಾಗ ಅಲ್ ಅಟ್ಕಿನ್ಸ್ ಬರೆದ ಹಾಡಿನಿಂದ ಬಂದಿದ್ದು. ಅಟ್ಕಿನ್ಸ್ ಯಾರು? ಹಾಲ್‌ಫೋರ್ಡ್‌ಗಿಂತ ಮೊದಲು ಪ್ರೀಸ್ಟ್‌ನಲ್ಲಿ ಹಾಡುತ್ತಿದ್ದವನು! 1973ರಲ್ಲಿ ಹಾಲ್‌ಫೋರ್ಡ್ ಬಂದಿದ್ದೂ ಬೇರೆಯವನ ಜಾಗಕ್ಕೇ. ಅಂದರೆ ಓವೆನ್ಸ್ ಪರೀಕ್ಷೆಗೆ ಹಾಡಿದ್ದು ಮೂರು ಗಾಯಕರ ಕೈದಾಟಿದ ಹಾಡು. ಇದನ್ನು ತಿಳಿದ ದಿನ ರಾತ್ರಿ ಎಷ್ಟೋ ದಿನದ ಮೇಲೆ ಸರಿಯಾಗಿ ನಿದ್ದೆ ಮಾಡಿದೆ.

ಸಿಡಿಯನ್ನು ನಾನು ಮೊದಲು ಕೇಳಿದ್ದು ತಪ್ಪಾಗಿ. ಎಲ್ಲರೂ ಹಾಗೇ ಕೇಳುವುದು. ಎತ್ತರದ ಸ್ವರ ಬಂದಾಗ ಮುಟ್ಟಿದನಾ ಇಲ್ವಾ, ಅಷ್ಟೇ. ಮುಟ್ಟುತ್ತಾನೆ. ಪೇನ್‌ಕಿಲ್ಲರ್‌ನಲ್ಲೂ ಮುಟ್ಟುತ್ತಾನೆ, ದಿ ಸೆಂಟಿನೆಲ್‌ನಲ್ಲೂ. ಆದರೆ ಅದರಿಂದ ನನಗೇನೂ ಲಾಭವಿಲ್ಲ, ಯಾಕೆಂದರೆ ಅವನು ಮುಟ್ಟಿದ ಮಾತ್ರಕ್ಕೆ ನಾನು ಮುಟ್ಟುವುದಿಲ್ಲ.

ಎರಡನೇ ವಾರದಲ್ಲಿ ಒಂದು ಸಣ್ಣ ಕೆಲಸ ಮಾಡಿದೆ. ನಮ್ಮ ಒಂಬತ್ತು ಹಾಡಿನ ಸಾಲುಗಳನ್ನು ಎ4 ಹಾಳೆಯಲ್ಲಿ ಬರೆದು, ಹಳೇ ಗಾಯಕ ಎಲ್ಲೆಲ್ಲಿ ಉಸಿರು ಎಳೆಯುತ್ತಾನೆ ಅಂತ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದೆ. ಹಾಗೇ ಹಾಡಲು ಹೋದೆ. ಮೂರನೇ ಹಾಡಿನ ಎರಡನೇ ಚರಣದಲ್ಲಿ ಕಣ್ಣು ಕತ್ತಲೆ ಬಂತು. ಸ್ವರ ಸರಿ ಇತ್ತು, ಮಾತು ಸರಿ ಇತ್ತು, ಅವನು ಉಸಿರು ಎಳೆದ ಜಾಗದಲ್ಲಿ ನನಗೆ ಉಸಿರೇ ಸಿಗುತ್ತಿರಲಿಲ್ಲ. ಅವನು ಆರಡಿ ಆಳು, ಈಜುವವನು. ನಾನು ಸಣಕಲ, ಮೇಲಾಗಿ ದಿನವಿಡೀ ಕೂತು ಜಿಎಸ್‌ಟಿ ಫೈಲ್ ಮಾಡುವವನು.

ಆಗ ಮತ್ತೆ ಸಿಡಿ ಹಾಕಿದೆ. ಈ ಸಲ ಹೆಡ್‌ಫೋನ್‌ನಲ್ಲಿ, ಉಸಿರಿಗೆ ಮಾತ್ರ ಕಿವಿ ಕೊಟ್ಟು. ಪಕ್ಕದಲ್ಲಿ ಹಾಲ್‌ಫೋರ್ಡ್ ಹಾಡಿದ 1987ರ ಲೈವ್ ಆಲ್ಬಂ. ಎರಡರಲ್ಲೂ ಇರುವ ಹಾಡುಗಳನ್ನು ತೆಗೆದುಕೊಂಡೆ, ಎಲೆಕ್ಟ್ರಿಕ್ ಐ, ಮೆಟಲ್ ಗಾಡ್ಸ್, ದಿ ಸೆಂಟಿನೆಲ್. ನನ್ನ ಕಿವಿಗೆ ಕೇಳಿಸಿದ್ದು ಇದು: ಓವೆನ್ಸ್ ರಾಗ ಬದಲಿಸುವುದಿಲ್ಲ, ಸಾಲು ಒಡೆಯುವ ಜಾಗ ಬದಲಿಸುತ್ತಾನೆ. ಕೆಲವು ಕಡೆ ಸಾಲಿನ ಕೊನೆಯ ಅಕ್ಷರವನ್ನು ಮೊಟಕು ಮಾಡಿ ಉಸಿರು ತುಂಬಿಕೊಳ್ಳುತ್ತಾನೆ, ಆಮೇಲಿನ ಕಿರುಚನ್ನು ಹಾಲ್‌ಫೋರ್ಡ್‌ಗಿಂತ ದಪ್ಪಗೆ ಎಳೆಯುತ್ತಾನೆ. ಗುಂಪಿನ ಗಲಾಟೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಪೆಂಡಾಲಿನಲ್ಲಿ ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ಅಲ್ಲಿ ಎಸ್‌ಪಿಬಿ ಉಸಿರು ಬಿಟ್ಟ ಕಡೆ ನಾನೂ ಬಿಡಬೇಕು, ಇಲ್ಲದಿದ್ದರೆ ಮುಂದಿನ ಸಾಲಿನ ಅಜ್ಜ ಹುಬ್ಬು ಗಂಟಿಕ್ಕುತ್ತಾನೆ.

ಕೆಂಪು ಗೀಟುಗಳನ್ನೆಲ್ಲ ಬಿಟ್ಟು ಪೆನ್ಸಿಲ್ಲಿನಲ್ಲಿ ನನ್ನ ಗೀಟು ಹಾಕಿದೆ. ದಿನಾ ಬೆಳಿಗ್ಗೆ ಮನೆಯ ಮೆಟ್ಟಿಲು ಹತ್ತುತ್ತಾ ಸಾಲು ಹೇಳುವುದು, ಸುಸ್ತಾದ ಕಡೆ ಗೀಟು. ರಬ್ಬರ್ ಸವೆದು ಹಾಳೆ ತೂತಾಯಿತು. ಹೀಗೆ ಮೂರು ವಾರ.

ಇನ್ನೊಂದು ಬೇಡಿಕೆ ಇಟ್ಟೆ, ಅದಕ್ಕೆ ಗಿಟಾರಿನವರಿಗೆ ಸಿಟ್ಟು ಬಂತು. ಎಲ್ಲ ಹಾಡನ್ನೂ ಅರ್ಧ ಸ್ವರ ಇಳಿಸಿ ಅಂದೆ. ಇಳಿಸಿದರೆ ತಂತಿ ಸಡಿಲ ಆಗುತ್ತೆ, ದಪ್ಪ ತಂತಿ ಹಾಕಬೇಕು, ಗಿಟಾರಿನಲ್ಲಿ ತಂತಿ ಹಿಡಿದಿಡುವ ಫ್ಲಾಯ್ಡ್ ರೋಸ್ ಬ್ರಿಜ್ ಮತ್ತೆ ಸೆಟ್ ಮಾಡಬೇಕು, ಮುಖ್ಯವಾಗಿ ಹಾಡಿನ ಚುರುಕು ಹೋಗುತ್ತೆ ಅಂತ ಅವರ ವಾದ. ನಾನು ಐರನ್ ಮೇಡನ್ ಅನ್ನುವ ಇನ್ನೊಂದು ಮೆಟಲ್ ಬ್ಯಾಂಡಿನ ಉದಾಹರಣೆ ಕೊಟ್ಟೆ. 1994ರಿಂದ 1999ರವರೆಗೆ ಅಲ್ಲಿ ಬ್ರೂಸ್ ಡಿಕಿನ್ಸನ್ ಜಾಗದಲ್ಲಿ ಬ್ಲೇಜ್ ಬೇಲಿ ಹಾಡಿದ. ಅವನದು ಕೆಳಗಿನ ಗಂಟಲು, ಆದರೆ ಡಿಕಿನ್ಸನ್ ಹಾಡುತ್ತಿದ್ದ ಎತ್ತರದಲ್ಲೇ ಹಳೇ ಹಾಡು ಹಾಡಬೇಕಿತ್ತು. ಆ ಐದು ವರ್ಷಕ್ಕೆ ಮೇಡನ್‌ನ ಒಂದು ಪೂರ್ತಿ ಲೈವ್ ಆಲ್ಬಂ ಇಲ್ಲ ನೋಡಿ. ಬ್ಲೇಜ್ ಕಾಲದ ದಿ ಕ್ಲಾನ್ಸ್‌ಮನ್, ಸೈನ್ ಆಫ್ ದಿ ಕ್ರಾಸ್ ಎರಡೂ 2001ರ ಜನವರಿಯಲ್ಲಿ ರಿಯೋದಲ್ಲಿ ರೆಕಾರ್ಡ್ ಆದ ಆಲ್ಬಂನಲ್ಲಿವೆ, ಹಾಡಿದ್ದು ವಾಪಸ್ ಬಂದ ಡಿಕಿನ್ಸನ್. ನನಗಂತೂ ಇದು ಬ್ಲೇಜ್‌ಗೆ ಆದ ಅನ್ಯಾಯ ಅಂತಲೇ ಅನ್ನಿಸುತ್ತದೆ, ನೀವು ಒಪ್ಪದಿದ್ದರೂ ಸರಿ. ಕೊನೆಗೆ ಅರ್ಧ ಸ್ವರ ಇಳಿಯಿತು. ತಂತಿಯ ದುಡ್ಡು ನಾನೇ ಕೊಟ್ಟೆ.

ರೆಕಾರ್ಡಿಂಗ್ ವಿಷಯಕ್ಕೆ ಬರುತ್ತೇನೆ. ಡಿಜಿಟಲ್ ಮಿಕ್ಸರ್‌ನಿಂದ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ 22 ಚಾನೆಲ್, 24 ಬಿಟ್, 48 ಕಿಲೋಹರ್ಟ್ಸ್. ಗಂಟೆಗೆ ಸುಮಾರು 11 ಜಿಬಿ. ಲ್ಯಾಪ್‌ಟಾಪ್‌ನ ವೈಫೈ, ಅಪ್‌ಡೇಟ್, ಸ್ಲೀಪ್ ಎಲ್ಲ ಬಂದ್. ಗಾಯನಕ್ಕೆ ಎಸ್‌ಎಂ58 ಮೈಕ್. ಸಣ್ಣ ಸ್ಟೇಜು, ನನ್ನ ಬೆನ್ನ ಹಿಂದೆ ಎರಡು ಮೀಟರ್‌ನಲ್ಲಿ ಡ್ರಮ್ಸ್. ನಾನು ಬಾಯಿ ತೆಗೆದು ಮೈಕ್ ದೂರ ಹಿಡಿದ ತಕ್ಷಣ ಡ್ರಮ್ಸ್‌ನ ಲೋಹದ ತಟ್ಟೆಯ, ಅಂದರೆ ಸಿಂಬಲ್ ಶಬ್ದ ಒಳಗೆ ನುಗ್ಗುತ್ತದೆ.

ಇದು ಪ್ರಾಕ್ಟೀಸ್ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು. ಆರ್ಕೆಸ್ಟ್ರಾ ಅಭ್ಯಾಸ, ಎತ್ತರದ ಸ್ವರ ಬಂದರೆ ಕೈ ತಾನಾಗಿ ಮೈಕನ್ನು ಒಂದಡಿ ಆಚೆ ಒಯ್ಯುತ್ತದೆ. ಹಾಗಾಗಿ ನಾನು ಕಿರುಚಿದಾಗಲೆಲ್ಲ ಸಿಂಬಲ್ ಸೋ ಅಂತ ಮಳೆ ಸುರಿದ ಹಾಗೆ. ಮಿಕ್ಸಿಂಗ್‌ನಲ್ಲಿ ನನ್ನ ದನಿ ಏರಿಸಿದರೆ ಮಳೆಯೂ ಏರುತ್ತದೆ. ಅದನ್ನು ಯಾವ ಸಾಫ್ಟ್‌ವೇರ್ ಪ್ಲಗಿನ್ನೂ ಪೂರ್ತಿ ತೆಗೆಯುವುದಿಲ್ಲ. ಕನ್ನಡಿ ಮುಂದೆ ನಿಂತು ಕೈ ಕಲಿಸಿದೆ: ನಾಲ್ಕು ಬೆರಳು ದೂರ, ಅದಕ್ಕಿಂತ ಜಾಸ್ತಿ ಬೇಡ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚುವ ಸ್ಟೈಲನ್ನೂ ಬಿಟ್ಟೆ. ಮುಚ್ಚಿದರೆ ಮೈಕು ಮುಂದಿನದನ್ನು ಮಾತ್ರ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ, ಆಮೇಲೆ ಬರೀ ಕುಯ್ಯೋ.

ಜನರ ಸದ್ದಿಗೆ ಬೇರೆ ಎರಡು ಕಂಡೆನ್ಸರ್ ಮೈಕ್, ಹಾಲಿನ ಹಿಂಭಾಗದಲ್ಲಿ. ಒಂದಕ್ಕೆ ಮಿಕ್ಸರ್‌ನಿಂದ ಕೊಡಬೇಕಾದ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್ ಪವರ್, ಆನ್ ಮಾಡಲು ಮರೆತಿದ್ದೆವು. ಮರೆತವನು ನಾನೇ. ಮೊದಲ ಎರಡು ಹಾಡಿಗೆ ಎಡಗಡೆ ಜನ ಇದ್ದಾರೆ, ಬಲಗಡೆ ಸ್ಮಶಾನ ಮೌನ.

ಶೋ ದಿನದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ಅರ್ಧ ನೆನಪೇ ಇಲ್ಲ. ಬಿಸಿನೀರು, ಜೇಷ್ಠಮಧು, ಮಧ್ಯಾಹ್ನದಿಂದ ಮೊಸರು ಬಂದ್. ಐದನೇ ಹಾಡಿನಲ್ಲಿ ದನಿ ಒಡೆಯಿತು, ಒಂದೇ ಸ್ವರ. ಏಳನೆಯದಕ್ಕೆ ಡ್ರಮ್ಸ್ ನಿಲ್ಲಿಸಿ ಒಂದು ಅಕೌಸ್ಟಿಕ್ ಗಿಟಾರ್ ಜೊತೆ ಹಾಡಿದೆ. ಇದೂ ಮೆಲ್ಟ್‌ಡೌನ್‌ನಿಂದ ಕದ್ದ ಉಪಾಯ. ಅದರಲ್ಲಿ ಡೈಮಂಡ್ಸ್ ಆ್ಯಂಡ್ ರಸ್ಟ್ ಹಾಡನ್ನು ಅಕೌಸ್ಟಿಕ್‌ನಲ್ಲಿ ಮಾಡಿದ್ದಾರೆ, ನನ್ನ ಲೆಕ್ಕದಲ್ಲಿ ಓವೆನ್ಸ್ ಇಡೀ ಆಲ್ಬಂನಲ್ಲಿ ಚೆನ್ನಾಗಿ ಹಾಡಿರುವುದು ಅಲ್ಲೇ. ಹೋಲಿಸಲು ಹಳೇ ಗದ್ದಲ ಇಲ್ಲ, ಗಂಟಲಿಗೂ ನಾಲ್ಕು ನಿಮಿಷ ರಜೆ.

ಮಿಕ್ಸಿಂಗ್‌ಗೆ ಕೂರುವ ಮೊದಲು ಒಂದು ಕರಾರು ಮಾಡಿಕೊಂಡೆವು: ನಾನು ಗಾಯನದ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, ಮುಟ್ಟುವ ಹಾಗಿಲ್ಲ, ಗಿಟಾರಿನವರು ಗಿಟಾರಿಂದು ಮುಟ್ಟುವ ಹಾಗಿಲ್ಲ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಕಥೆ ನಮಗೆಲ್ಲರಿಗೂ ಗೊತ್ತಿತ್ತು. ಗಾಯಕ ಓಝಿ ಆಸ್ಬೋರ್ನ್ ಜಾಗಕ್ಕೆ ರೋನಿ ಜೇಮ್ಸ್ ಡಿಯೊ ಬಂದು ಎರಡು ಒಳ್ಳೇ ಆಲ್ಬಂ ಆದ ಮೇಲೆ, 1982ರ ಶೋಗಳಲ್ಲಿ ಲೈವ್ ಈವಿಲ್ ಆಲ್ಬಂ ರೆಕಾರ್ಡ್ ಮಾಡಿದರು. ಮಿಕ್ಸಿಂಗ್ ಹೊತ್ತಿಗೆ, ಡಿಯೊ ಹೋಗಿ ತನ್ನ ದನಿ ಏರಿಸುತ್ತಾನೆ ಅಂತ ಅನುಮಾನ, ಆರೋಪ, ಜಗಳ. ಡಿಯೊನೂ ಡ್ರಮ್ಮರ್ ವಿನಿ ಅಪಿಸಿಯೂ ಬ್ಯಾಂಡ್ ಬಿಟ್ಟರು. ಅದೇ ವರ್ಷ ಓಝಿ ನ್ಯೂಯಾರ್ಕ್‌ನಲ್ಲಿ ಬರೀ ಸಬ್ಬತ್ ಹಾಡುಗಳನ್ನೇ ಹಾಡಿ ತನ್ನದೊಂದು ಲೈವ್ ಆಲ್ಬಂ ಬಿಟ್ಟ. ಒಂದೇ ಹಾಡು, ಎರಡು ಅಂಗಡಿ.

ಜನರ ಮೈಕು ಸ್ಟೇಜಿನಿಂದ 17 ಮೀಟರ್ ದೂರ ಇತ್ತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ 50 ಮಿಲಿಸೆಕೆಂಡ್ ತಡ. ಸುಮ್ನೆ ಸೇರಿಸಿದರೆ ಸ್ನೇರ್ ಡ್ರಮ್ ಎರಡು ಸಲ ಬಡಿದ ಹಾಗೆ. ಆ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಎಳೆದು ಕೂರಿಸಿದೆವು, ಹಾಲ್ ತುಂಬಿಕೊಂಡಿತು.

ಒಡೆದ ಸ್ವರ ಏನು ಮಾಡುವುದು? ಮತ್ತೆ ಹಾಡಿ ಸೇರಿಸುವುದು ಹತ್ತು ನಿಮಿಷದ ಕೆಲಸ. ಪ್ರೀಸ್ಟ್‌ನವರೇ ಟೋಕಿಯೊದಲ್ಲಿ ರೆಕಾರ್ಡ್ ಮಾಡಿದ 1979ರ ಲೈವ್ ಆಲ್ಬಂನಲ್ಲಿ ಹಾಲ್‌ಫೋರ್ಡ್ ಗಾಯನವನ್ನು ಸ್ಟುಡಿಯೊದಲ್ಲಿ ಮತ್ತೆ ಹಾಡಿ ಹಾಕಿದರು, ಅಭಿಮಾನಿಗಳು ಇವತ್ತಿಗೂ ಅದರ ಹೆಸರನ್ನೇ ತಿರುಚಿ ಆಡಿಕೊಳ್ಳುತ್ತಾರೆ. ಆದರೂ ಅದು ಅವರ ಒಳ್ಳೇ ಲೈವ್ ಆಲ್ಬಂಗಳಲ್ಲಿ ಒಂದು, ಅದೇ ತಮಾಷೆ. ನಾನು ಮನೆಯಲ್ಲಿ ಮತ್ತೆ ಹಾಡಿ ನೋಡಿದೆ. ಸ್ವರ ಸರಿಯಾಗಿ ಬಂತು. ಆದರೆ ಸುಸ್ತಾದ ಉಸಿರು ಇರಲಿಲ್ಲ, ಸ್ನಾನ ಮಾಡಿ ಬಂದವನು ಹಾಡಿದ ಹಾಗಿತ್ತು. ಒಡೆದದ್ದನ್ನೇ ಬಿಟ್ಟೆವು.

ಇನ್ನೊಂದು ಬಿಟ್ಟಿದ್ದೇವೆ. ಮೂರನೇ ಹಾಡು ಮುಗಿದು ನಾಲ್ಕನೆಯದು ಶುರುವಾಗುವ ಮೊದಲಿನ ಮೌನದಲ್ಲಿ, ಎರಡು ಸೆಕೆಂಡಿಗೆ, ಯಾರೋ ಹಳೇ ಗಾಯಕನ ಹೆಸರನ್ನು ಜೋರಾಗಿ ಕೂಗುತ್ತಾರೆ. ಅಷ್ಟು ಹೊತ್ತಿಗೆ ಬಲಗಡೆ ಮೈಕಿಗೂ ಪವರ್ ಬಂದಿತ್ತಲ್ಲ, ಸ್ಪಷ್ಟವಾಗಿ ಬಲಗಡೆಯಿಂದಲೇ. ಗಿಟಾರಿನವನು ಕತ್ತರಿಸೋಣ ಅಂದ, ನನ್ನ ಮುಖ ನೋಡಿ ಅಂದಿದ್ದು. ಆ ಸ್ಟೇಜಿನ ಮೇಲೆ ನಿಂತಾಗ ನನಗದು ಕೇಳಿಸಿರಲೇ ಇಲ್ಲ. ಇರಲಿ ಬಿಡು ಅಂದೆ. ಅವನ ಒಂಬತ್ತು ಹಾಡು ಹಾಡಿದ್ದೇನೆ, ಅವನ ಹೆಸರು ಎರಡು ಸೆಕೆಂಡ್ ಇದ್ದರೆ ನನ್ನ ಗಂಟೇನು ಹೋಗುತ್ತದೆ?

ಮಿಕ್ಸ್ ಮುಗಿದ ರಾತ್ರಿ ಫೈಲನ್ನು ಜರ್ಮನಿಗೆ ಕಳಿಸಿದೆವು. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಬೆಳಿಗ್ಗೆ ಮೆಸೇಜ್ ಬಂತು: ಸ್ನೇರ್ ಸ್ವಲ್ಪ ಜಾಸ್ತಿ ಆಯಿತು, ಮತ್ತೆ ಆ ಹೆಸರು ಕೂಗಿದವನು ನನ್ನ ತಮ್ಮ, ಅವನಿಗೆ ಟಿಕೆಟ್ ದುಡ್ಡು ವಾಪಸ್ ಕೊಡಬೇಡಿ.